ಕೆಸರು ಯಾರ ಕಾಲಿಗೆ?

ಅಕ್ಕಾ, ಬಟ್ಟೆ ಹರವುತ್ತಲೇ ಕೇಳಿ. ಇಲ್ಲಿ ವಿಶಾಖಪಟ್ಟಣದ ಕುರುಪಾಂ ಮಾರ್ಕೆಟ್ಟಿನಲ್ಲಿ ಯಾರದೋ ಸಂಸಾರದ ಮಾತು ನಡೀತಿತ್ತು. ಗಂಡನಿಗೆ ಹೊರಗೆ ಸಂಬಂಧ ಇದೆಯಂತೆ. "ಗಂಡಸಲ್ವಾ, ಬಿಡಿ" ಅಂದ್ರು, ಅದೂ ಹೆಂಗಸರೇ! ನಮ್ಮ ಕನ್ನಡದಲ್ಲೂ ಇದೇ ಅಲ್ವಾ: ಗಂಡಸು ಕೆಸರು ಕಂಡಲ್ಲಿ ತುಳೀತಾನೆ, ನೀರು ಕಂಡಲ್ಲಿ ತೊಳ್ಕೋತಾನೆ. ಈ ಗಾದೆ ಕೇಳಿದ್ರೆ ನನಗೆ ಮೈ ಉರಿಯುತ್ತೆ. ಹೆಂಡತಿ ತುಳಿದಿದ್ರೆ ಯಾವ ನೀರು ಸಾಕಾಗ್ತಿತ್ತು?

ಈ ಸೀಮೆಯವರೇ ಆದ ಗುರಜಾಡ ಅಪ್ಪಾರಾವ್ 1910ರಲ್ಲೇ 'ದಿದ್ದುಬಾಟು' ಅಂತ ಕಥೆ ಬರೆದ್ರು. ಗೋಪಾಲರಾವ್ ನರ್ತಕಿಯ ಮನೆಯಿಂದ ಅರ್ಧರಾತ್ರಿ ಕಳೆದ ಮೇಲೆ ಬರ್ತಾನೆ. ಹೆಂಡತಿ ಕಮಲಿನಿ ಇಲ್ಲ, ತವರಿಗೆ ಹೋಗ್ತೀನಿ ಅನ್ನೋ ಕಾಗದ ಇದೆ. ಅವನು ಕಂಗಾಲಾಗಿ ಗೋಳಾಡ್ತಿದ್ರೆ ಅವಳು ಮಂಚದ ಕೆಳಗೆ ನಗ್ತಾಳೆ! ಓದು ಬಂದವಳು, ಕಾಗದ ಬರೆದಳು. ಅವಳು ಬಿಟ್ಟುಹೋಗಬಲ್ಲಳು ಅಂತ ಗೊತ್ತಾದ ಮೇಲೇ ಅವನ ಕಣ್ಣು ತೆರೆದದ್ದು.

ಕಾನೂನಿನ ಕಣ್ಣು ಅಷ್ಟು ಬೇಗ ತೆರೆಯಲಿಲ್ಲ. ಈ ಊರೂ ನಮ್ಮ ಬಳ್ಳಾರಿ, ಮಂಗಳೂರೂ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, 1949ರ ಕಾಯ್ದೆ ಬರೋವರೆಗೂ ಹಿಂದೂ ಗಂಡಸು ಹೆಂಡತಿ ಇರುವಾಗಲೇ ಇನ್ನೊಂದು ಮದುವೆ ಆಗಬಹುದಿತ್ತು. ಇನ್ನು 1860ರ ದಂಡಸಂಹಿತೆಯ 497ನೇ ಕಲಂ ನೋಡಿ. ಹೆಂಡತಿ ಇನ್ನೊಬ್ಬನ ಜೊತೆ ಹೋದ್ರೆ ಗಂಡ ಆ ಗಂಡಸಿನ ಮೇಲೆ ದೂರು ಕೊಡಬಹುದು, ಐದು ವರ್ಷದವರೆಗೆ ಜೈಲು. ಗಂಡನೇ ಒಪ್ಪಿದ್ರೆ ಅಪರಾಧವೇ ಅಲ್ಲ! ಗಂಡ ದಾರಿ ತಪ್ಪಿದ್ರೆ ಹೆಂಡತಿಗೆ ದೂರು ಕೊಡೋ ಹಕ್ಕೇ ಇಲ್ಲ. ಅವಳು ಅವನ ಸೊತ್ತು ಅಂತ ತಾನೇ ಅದರ ಲೆಕ್ಕ? ಸುಪ್ರೀಂ ಕೋರ್ಟು ಅದನ್ನ ರದ್ದು ಮಾಡಿದ್ದು 2018ರ ಸೆಪ್ಟೆಂಬರ್‌ನಲ್ಲಿ. ಹಾದರಕ್ಕೆ ಲೈಸೆನ್ಸ್ ಕೊಟ್ರು ಅಂತ ಎಷ್ಟು ಜನ ಕೂಗಾಡಿದ್ರು! ವಿಚ್ಛೇದನ ಕೇಳೋಕೆ ಅದು ಈಗಲೂ ಕಾರಣವೇ, ಇಬ್ಬರಿಗೂ.

ಹೋಗೋಕೆ ದಾರಿಯಿಲ್ಲದೆ ಉಳಿದವಳನ್ನ ಪತಿವ್ರತೆ ಅಂತ ಹೊಗಳೋದು ನನಗೆ ಒಪ್ಪಿಗೆಯಿಲ್ಲ. ಅದು ನಿಷ್ಠೆಯಲ್ಲ, ಕಾವಲು. ಸಂಬಳ ತರೋ ಹೆಂಡತಿಯ ಫೋನ್ ತಡಕಾಡೋ ಗಂಡಂದಿರು ಹೇಳ್ತಾರೆ, ಸಮಾನತೆ ಬಂದು ಸಂಸಾರ ಕೆಟ್ಟಿತು ಅಂತ. ನಂಬಿಕೆ ಇಬ್ಬರ ಕೈಯಲ್ಲೂ ಇದ್ರೆ ತಾನೇ ಅದಕ್ಕೆ ಬೆಲೆ?

ನಿಮ್ಮ ಮಗನಿಗೆ ಹೆಣ್ಣು ನೋಡ್ತಿದ್ದೀರಲ್ಲ ಅಕ್ಕಾ, ಹುಡುಗಿಯ ನಡತೆ ನಾಲ್ಕು ಮನೇಲಿ ವಿಚಾರಿಸ್ತೀರಿ. ನಿಮ್ಮ ಮಗನ ನಡತೆ ವಿಚಾರಿಸೋಕೆ ಅವರೂ ಬರ್ತಾರೆ. ಬೇಜಾರು ಮಾಡ್ಕೋಬೇಡಿ, ಕೂರಿಸಿ ಕಾಫಿ ಕೊಡಿ.