ಫೈನಲಪ್ಪ

ಪ್ರತಿ ಸಂಘದಲ್ಲೂ ಒಬ್ಬ ಫೈನಲಪ್ಪ ಇರುತ್ತಾನೆ. ‘ನಿಮಗೆ ಕಂಪ್ಯೂಟರ್ ಬರುತ್ತಲ್ಲ’ ಎಂದು ಯಾವುದೋ ಸಭೆಯಲ್ಲಿ ಯಾರೋ ಅಂದರು, ಅವನು ಇಲ್ಲವೆನ್ನಲಿಲ್ಲ. ಅಂದಿನಿಂದ ಸಂಘದ ವೆಬ್‌ಸೈಟು ಅವನ ಸುಪರ್ದಿಗೆ ಬಂತು. ವಾರ್ಷಿಕ ಸಭೆಯ ಫೋಲ್ಡರು ತೆರೆದರೆ ಅವನ ದಿನಚರಿಯೇ ಸಿಗುತ್ತದೆ: ‘ನೋಟಿಸ್ ಫೈನಲ್’, ಅದರ ಕೆಳಗೆ ‘ನೋಟಿಸ್ ಫೈನಲ್ ಹೊಸದು’, ಆಮೇಲೆ ‘ನೋಟಿಸ್ ಫೈನಲ್ ಹೊಸದು ಅಧ್ಯಕ್ಷರು ಹೇಳಿದ್ದು’, ಕೊನೆಗೆ ಏದುಸಿರು ಬಿಡುತ್ತ ‘ಇದೇ ಹಾಕಿ’. ಪಕ್ಕದಲ್ಲಿ ‘ನ್ಯೂ ಫೋಲ್ಡರ್ (2)’. ಮೊದಲನೆಯದು ಎಲ್ಲಿ ಎಂದು ಕೇಳಬಾರದು. ಜನ ಇವನನ್ನು ಸೋಮಾರಿ ಅನ್ನುತ್ತಾರೆ. ಅದು ಅನ್ಯಾಯ, ಸೋಮಾರಿ ಇಷ್ಟೆಲ್ಲ ಟೈಪು ಮಾಡುವುದಿಲ್ಲ. ಇವನ ದೋಷ ಬೇರೆ. ಹೆಸರೆಂದರೆ ಮುಂದೆ ಹುಡುಕಿಕೊಂಡು ಬರುವವರಿಗೆ ಕೊಡುವ ವಿಳಾಸ ಎಂಬುದು ಅವನಿಗೆ ಹೊಳೆದೇ ಇಲ್ಲ. ಆ ಹೊತ್ತಿನಲ್ಲಿ ತನಗೆ ಏನನ್ನಿಸಿತೋ ಅದನ್ನೇ ಇಟ್ಟುಬಿಡುತ್ತಾನೆ. ‘ಹೊಸದು’ ಎಂಬುದು ಫೈಲಿನ ಗುಣವಲ್ಲ, ಆ ದಿನದ ಗುಣ. ‘ಹಳೇ ಕಾರ್ಯದರ್ಶಿಗಳದ್ದು’ ಎಂಬ ಫೋಲ್ಡರಿನ ಗತಿಯೂ ಅಷ್ಟೇ: ಚುನಾವಣೆ ಆದಾಗಲೆಲ್ಲ ಇನ್ನೊಬ್ಬರು ಹಳಬರಾಗುತ್ತಾರೆ.

ಬದಲಾಗದ್ದನ್ನು ಹಿಡಿದು ಹೆಸರಿಡುವ ವಿದ್ಯೆಗೆ ದೂರ ಹೋಗಬೇಕಿಲ್ಲ, ಪಹಣಿ ನೋಡಿದರೆ ಸಾಕು. ಹೊಲ ಅಜ್ಜನಿಂದ ಮಗನಿಗೆ, ಮಗನಿಂದ ಸೈಟು ಮಾಡುವವನಿಗೆ ಹೋದರೂ ಸರ್ವೆ ನಂಬರ್ 45 ಅಂದರೆ 45. ಅಣ್ಣತಮ್ಮಂದಿರು ಪಾಲಾದರೆ 45/1, 45/2. ಆ ಓರೆಗೆರೆಯೇ ವೆಬ್ ವಿಳಾಸದಲ್ಲಿ ಫೋಲ್ಡರಿನೊಳಗಿನ ಫೋಲ್ಡರನ್ನು ತೋರಿಸುವುದೂ. ವೆಬ್ಬನ್ನು ಕಟ್ಟಿದ ಟಿಮ್ ಬರ್ನರ್ಸ್-ಲೀ 1998ರಲ್ಲಿ ಈ ಬಗ್ಗೆಯೇ ಒಂದು ಲೇಖನ ಬರೆದರು. ಬರೆದವರ ಹೆಸರು, ‘ಕರಡು’ ‘ಇತ್ತೀಚಿನದು’ ಎಂಬಂಥ ಸ್ಥಿತಿ, ಬಳಸಿದ ಸಾಫ್ಟ್‌ವೇರು, ಇವನ್ನೆಲ್ಲ ವಿಳಾಸದೊಳಗೆ ತುರುಕಬೇಡಿ, ಇವು ಬದಲಾಗುತ್ತವೆ. ಪುಟ ಹುಟ್ಟಿದ ದಿನಾಂಕವಾದರೆ ಬದಲಾಗದು ಎಂಬುದು ಅವರ ವಾದ. ಫೈನಲಪ್ಪ ದಿನಾಂಕವನ್ನೂ ಹಾಕುತ್ತಾನೆ, ಆದರೆ ದಿನವನ್ನು ಮುಂದಿಟ್ಟು. ಹಾಗಾಗಿ 2023ರ ಏಪ್ರಿಲ್ 1ರ ನೋಟಿಸು 2019ರ ಜನವರಿ 2ರದ್ದಕ್ಕಿಂತ ಮೇಲೆ ಹೋಗಿ ಕೂರುತ್ತದೆ. ವರ್ಷ, ತಿಂಗಳು, ದಿನ ಎಂಬ ಕ್ರಮವನ್ನು ಐಎಸ್‌ಒ 8601 ಎಂಬ ಮಾನಕ 1988ರಲ್ಲೇ ಗೊತ್ತುಮಾಡಿತು. ‘ಅದೆಲ್ಲ ಫಾರಿನ್ನವರ ಲೆಕ್ಕ’ ಎನ್ನುವ ಹಾಗೂ ಇಲ್ಲ. ಪ್ರತಿ ವರ್ಷ ಸತ್ಯನಾರಾಯಣ ಪೂಜೆಗೆ ಇದೇ ಫೈನಲಪ್ಪ ಮಡಿಯುಟ್ಟು ಕೂತಾಗ ಪುರೋಹಿತರು ಸಂಕಲ್ಪ ಹೇಳಿಸುತ್ತಾರಲ್ಲ: ಕಲ್ಪ, ಮನ್ವಂತರ, ಯುಗ, ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ. ದೊಡ್ಡದರಿಂದ ಚಿಕ್ಕದಕ್ಕೆ, ಒಂದೂ ತಪ್ಪಿಲ್ಲ. ಜಾಗಕ್ಕೂ ಹಾಗೆಯೇ, ಜಂಬೂದ್ವೀಪದಿಂದ ಶುರು. ಇಷ್ಟುದ್ದದ ಫೋಲ್ಡರ್ ದಾರಿಯನ್ನು ಭಕ್ತಿಯಿಂದ ಒಪ್ಪಿಸಿ, ಪ್ರಸಾದ ತಿಂದು ಬಂದು ‘ಪೂಜೆ ಫೋಟೋ ಹೊಸದು’ ಎಂದು ಸೇವ್ ಮಾಡುತ್ತಾನೆ.

‘ಈಗ ಸರ್ಚ್ ಇದೆಯಲ್ಲ, ಹೆಸರು ಯಾವುದಾದರೇನು?’ ಎಂಬುದು ಅವನ ಕಡೆಯ ವಕೀಲರ ಮಾತು. ಸರ್ಚು ಅಕ್ಷರ ಇದ್ದಲ್ಲಿ ಹುಡುಕೀತು. ಮಳಿಗೆ ಬಾಡಿಗೆಯ ಕರಾರುಪತ್ರವನ್ನು ಚಿತ್ರವಾಗಿ ಸ್ಕ್ಯಾನು ಮಾಡಿ ‘ಸ್ಕ್ಯಾನ್ 0012’ ಎಂದು ಬಿಟ್ಟರೆ ಅದಕ್ಕೆ ಏನು ಸಿಗಬೇಕು? ‘ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿ ಕಾಣ್ತಿದೆಯಲ್ಲ!’ ಎಂಬುದು ಇನ್ನೊಂದು. ಕಾಣುತ್ತದೆ, ಏಕೆಂದರೆ ಫೈಲಿನ ಹೆಸರಿನಲ್ಲಿ ವಿಂಡೋಸು ಸಾಮಾನ್ಯವಾಗಿ ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರಗಳಲ್ಲಿ ಭೇದವೆಣಿಸುವುದಿಲ್ಲ. ಲಿನಕ್ಸ್ ಸರ್ವರಿಗೆ ಅವು ಎರಡೂ ಬೇರೆ ಬೇರೆ. ಮನೆಯಲ್ಲಿ ನಕ್ಕ ಫೋಟೋ ಊರ ಮುಂದೆ ‘ಸಿಗಲಿಲ್ಲ’ ಎಂಬ 404 ಆಗುತ್ತದೆ. ಕೆಲಸಗಳ್ಳತನದಿಂದಲ್ಲದೆ ಅಭಿಮಾನದಿಂದ ಬರುವ ಆಕ್ಷೇಪವೂ ಒಂದಿದೆ: ಕನ್ನಡ ಸಂಘದ ಫೈಲಿಗೆ ಕನ್ನಡದ ಹೆಸರೇ ಬೇಡವೆ? ಇದನ್ನು ತಳ್ಳಿಹಾಕುವುದು ಕಷ್ಟ. ಬ್ರೌಸರಿನಲ್ಲಿ ಅದು ಸಾಮಾನ್ಯವಾಗಿ ಕನ್ನಡವಾಗಿಯೇ ಕಾಣುತ್ತದೆ. ಆದರೆ ಅದೇ ವಿಳಾಸ ವಾಟ್ಸ್ಆ್ಯಪಿಗೆ ಹೋಗುವಾಗ ಎಷ್ಟೋ ಸಲ ವೇಷ ಬದಲಿಸುತ್ತದೆ. ‘ಕನ್ನಡ’ ಎಂಬ ಒಂದು ಪದವೇ ಶೇಕಡಾ ಚಿಹ್ನೆಗಳ ಸಮೇತ 45 ಅಕ್ಷರ. ಖಾಲಿ ಜಾಗವೊಂದೇ %20 ಆಗಿ ಅಲ್ಲಲ್ಲಿ ಹಲ್ಲು ಕಿರಿಯುತ್ತದೆ. ಪುಟದ ತಲೆಬರಹ ಕನ್ನಡದಲ್ಲಿರಲಿ, ವಿಳಾಸ ಮಾತ್ರ ಇಂಗ್ಲಿಷ್ ಲಿಪಿಯಲ್ಲಿ ಚಿಕ್ಕದಾಗಿರಲಿ ಎನ್ನಬೇಕಾಗಿ ಬಂದಿರುವುದು ಬೇಸರದ ಸಂಗತಿಯೇ.

ಇನ್ನು, ಯುಗಾದಿ ಹೊತ್ತಿಗೆ ಹುರುಪು ಬಂದು ಅವನು ಎಲ್ಲವನ್ನೂ ಒಪ್ಪ ಮಾಡಲು ಹೊರಟರೆ ತಡೆಯುವುದೇ ಒಳ್ಳೆಯದು. ಹಳೆಯ ಹೆಸರಿಗೆ ಬಂದವರನ್ನು ಹೊಸ ಹೆಸರಿಗೆ ತಿರುಗಿಸುವ ಏರ್ಪಾಡಿಲ್ಲದೆ ಫೈಲು ಜರುಗಿಸಿದರೆ, ಎಲ್ಲೆಲ್ಲೋ ಹಂಚಿದ ಕೊಂಡಿಗಳೆಲ್ಲ ಒಂದೇ ರಾತ್ರಿಯಲ್ಲಿ ಸಾಯುತ್ತವೆ. ಅದೂ ಅಲ್ಲದೆ, ಫೈನಲಪ್ಪ ಏನನ್ನೂ ಅಳಿಸುವವನಲ್ಲ ಎಂಬುದಕ್ಕೆ ಸಂಘದ ಚರಿತ್ರೆಕಾರರು ಅವನಿಗೆ ಋಣಿಯಾಗಿರಬೇಕು. ನಡಾವಳಿ ಪುಸ್ತಕ ‘ಸರ್ವಾನುಮತದಿಂದ’ ಅನ್ನುತ್ತದೆ. ‘ನೋಟಿಸ್ ಫೈನಲ್’ನಲ್ಲಿ ಉಪಾಧ್ಯಕ್ಷರ ಹೆಸರಿದೆ, ‘ಹೊಸದು’ವಿನಲ್ಲಿ ಕೆಳಗಿನ ಸಾಲಿಗೆ ಇಳಿದಿದೆ, ‘ಅಧ್ಯಕ್ಷರು ಹೇಳಿದ್ದು’ರಲ್ಲಿ ಇಲ್ಲವೇ ಇಲ್ಲ. ‘ಇದೇ ಹಾಕಿ’ಯಲ್ಲಿ ಮತ್ತೆ ಬಂದಿದೆ, ಈ ಸಲ ದಪ್ಪಕ್ಷರದಲ್ಲಿ.