ಬಾಸೆಲ್ಲಿನಲ್ಲಿ ಅರ್ಧ ದಿನ

ಧಾರವಾಡದವರನ್ನು ಪರವೂರು ನೋಡಲು ಕರೆದೊಯ್ಯಬಾರದು. ಏನು ತೋರಿಸಿದರೂ ಅದರಲ್ಲಿ ಧಾರವಾಡವನ್ನೇ ಹುಡುಕುತ್ತಾರೆ. ಸಿಗದಿದ್ದರೆ ಆ ಊರಿಗೆ ಮಾರ್ಕ್ಸು ಕಡಿಮೆ. ಆದರೆ ಮಗ ನಮ್ಮಿಬ್ಬರನ್ನು ಸ್ವಿಟ್ಜರ್ಲೆಂಡಿನ ಬಾಸೆಲ್ಲಿಗೆ ಕರೆದೊಯ್ದಾಗ ನನ್ನ ಈ ಚಾಳಿಗೆ ಇತಿಹಾಸದ ಬೆಂಬಲವಿತ್ತು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ. (ಹುಬ್ಬಳ್ಳಿ ಎರಡು ವರ್ಷ ಹಿಂದೆ ಎಂದು ನಾನು ಒತ್ತಿ ಹೇಳುತ್ತಿಲ್ಲ. ಹೆಂಡತಿಯ ತವರು ಅದೇ.) ನಮ್ಮಪ್ಪ ಕಲಿತದ್ದು ಬಾಸೆಲ್ ಮಿಷನ್ ಸಾಲಿಯಲ್ಲಿ.

"ಇದು ನಮ್ಮ ಸಾಲಿಯವರ ಊರು," ಎಂದು ಸ್ಟೇಷನ್ನಿನಲ್ಲೇ ಸಾರಿದೆ.

"ಹಂಗಂದ್ರ ಸ್ವಾಗತಕ್ಕ ಯಾರರೆ ಬರಬೇಕಿತ್ತಲ್ರಿ," ಅಂದಳು ಹೆಂಡತಿ.

ಯಾರೂ ಬಂದಿರಲಿಲ್ಲ. ನಾವೇ ಮಿಷನ್ ಸ್ಟ್ರಾಸೆ ಹುಡುಕಿಕೊಂಡು ಹೋಗಿ ಮಿಷನ್ ಹೌಸಿನೆದುರು ನಿಂತು ಕಿಟೆಲ್ ಸಾಹೇಬರಿಗೆ ಕೈಮುಗಿದೆವು. ಇಲ್ಲಿ ತರಬೇತಿ ಪಡೆದು 1853ರಲ್ಲಿ ನಮ್ಮ ಕಡೆ ಬಂದ ಪುಣ್ಯಾತ್ಮ, 1894ರಲ್ಲಿ ಎಪ್ಪತ್ತು ಸಾವಿರ ಪದಗಳ ನಿಘಂಟು ಕೊಟ್ಟ. ಮಗನ ಮನೆಯಲ್ಲಿ ಮೊಮ್ಮಕ್ಕಳ ಬಾಯಿಂದ ನಾನು ಕೇಳಿದ ಕನ್ನಡ ಪದಗಳಿಗೆ ಒಂದು ಪೋಸ್ಟ್‌ಕಾರ್ಡು ಸಾಕು.

ಕೆಂಪು ಕಲ್ಲಿನ ಮ್ಯುನ್ಸ್ಟರ್ ಚರ್ಚಿನಲ್ಲಿ ಮಗ ಎರಾಸ್ಮಸ್ ಪಂಡಿತನ ಸಮಾಧಿ ತೋರಿಸಿ ಗಂಭೀರನಾದ. ನನಗೆ ಹೆಚ್ಚು ರುಚಿಸಿದ್ದು ಅವನು ಹೇಳಿದ ಗಡಿಯಾರದ ಸಂಗತಿ. 1798ರವರೆಗೆ ಬಾಸೆಲ್ಲಿನ ಗಡಿಯಾರಗಳು ಸುತ್ತಲಿನ ಊರುಗಳಿಗಿಂತ ಒಂದು ತಾಸು ಮುಂದಿದ್ದವಂತೆ! ಅಂಥವರ ಸಂತತಿ ಸಾಲಿಯ ಗಂಟೆ ಬಾರಿಸಲು ಬಂದದ್ದು, ಹತ್ತಕ್ಕೆ ಕರೆದರೆ ಹನ್ನೊಂದಕ್ಕೆ ಬರುವ ನಮ್ಮೂರಿಗೆ. ಅವರದೊಂದು ತಾಸು, ನಮ್ಮದೊಂದು ತಾಸು, ಲೆಕ್ಕ ಸರಿಹೋಯಿತು.

ರೈನ್ ನದಿ ದಾಟಿಸುವ ದೋಣಿಗೆ ಇಂಜಿನ್ ಇಲ್ಲ, ಹುಟ್ಟೂ ಇಲ್ಲ. ದಡದಿಂದ ದಡಕ್ಕೆ ಬಿಗಿದ ತಂತಿಗೆ ಅದನ್ನು ಕಟ್ಟಿದ್ದಾರೆ. ಅಂಬಿಗ ತುಸು ಓರೆ ಮಾಡಿದರೆ ಹರಿಯುವ ನೀರೇ ಆಚೆ ದಡಕ್ಕೆ ತಳ್ಳುತ್ತದೆ. ಕೈಕಟ್ಟಿ ಕೂತರೂ ಕೆಲಸ ಆಗುವ ಏರ್ಪಾಡು. ನಮ್ಮ ಕಚೇರಿಗಳಲ್ಲಿ ಇದರ ಮೊದಲರ್ಧ ಎಂದೋ ಜಾರಿಗೆ ಬಂದಿದೆ.

ಕಡೆಗೆ ಸೇತುವೆಯ ಬಳಿ, ಕಟ್ಟಡವೊಂದರ ಗೋಡೆಯ ಮೇಲೆ ಕಿರೀಟ ತೊಟ್ಟ ರಾಜನ ಮುಖ. ನದಿಯಾಚೆಯ ಕಿರು ಬಾಸೆಲ್ಲಿನ ಕಡೆ ನಾಲಿಗೆ ಚಾಚಿದ್ದಾನೆ! ಎರಡೂ ಊರು 1392ರಲ್ಲೇ ಒಂದಾಗಿವೆ, ನಾಲಿಗೆ ಮಾತ್ರ ಇನ್ನೂ ಒಳಗೆ ಹೋಗಿಲ್ಲ. ಹುಬ್ಬಳ್ಳಿ-ಧಾರವಾಡ ಒಂದೇ ಪಾಲಿಕೆಯಾದದ್ದು 1962ರಲ್ಲಿ, ಮೊನ್ನೆ ಮೊನ್ನೆ.

"ನಮ್ಮ ಎರಡೂ ಊರ ನಡುವ, ನವಲೂರ ಹತ್ರ ಇಂಥಾದೊಂದು ನಿಲ್ಲಸಬೇಕು ನೋಡು," ಅಂದೆ ಉತ್ಸಾಹದಲ್ಲಿ.

"ನಿಲ್ಲಸ್ರಿ. ಮಾರಿ ಯಾ ಕಡೆ?" ಅಂದಳು ಹುಬ್ಬಳ್ಳಿಯ ಮಗಳು.

ಮಧ್ಯಾಹ್ನದ ಚಪಾತಿ, ಶೇಂಗಾ ಚಟ್ನಿ ಅವಳ ಚೀಲದಲ್ಲಿದ್ದವು.

"ಬೆಳಗಾವಿ ಕಡೆ," ಅಂದೆ.