ಪೆಡಲಪ್ಪ ಸಾರ್

ಬಡಾವಣೆ ಅಂದಮೇಲೆ ಒಂದು ಗಣಪತಿ ಗುಡಿ, ಒಂದು ದರ್ಶಿನಿ, ಒಬ್ಬ ಪೆಡಲಪ್ಪ ಇರಲೇಬೇಕು. ಯಲಹಂಕದ ಆಚೆಗಿರುವ ನಮ್ಮ ಬಡಾವಣೆಯ ಪೆಡಲಪ್ಪನವರಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ. ಗ್ಯಾಸ್ ಪುಸ್ತಕದಲ್ಲಿ ಬಿಟ್ಟರೆ ಅದು ಇನ್ನೆಲ್ಲೂ ಬಳಕೆಯಲ್ಲಿಲ್ಲ. ವಯಸ್ಸು ಐವತ್ತರ ಆಸುಪಾಸು. ಆಫೀಸಿನಲ್ಲಿ ಅವರದು ಏನು ಕೆಲಸ ಎಂದು ಯಾರಿಗೂ ಗೊತ್ತಿಲ್ಲ. ಅವರ ಸೈಕಲ್ ಎಷ್ಟು ಕಿಲೋ ಎಂದು ಕಾವಲುಗಾರನ ಹೆಂಡತಿಗೂ ಗೊತ್ತು.

ಸಾವಿರಾರು ರೂಪಾಯಿ ಸುರಿದು ಸೈಕಲ್ ತಂದು ಬಾಲ್ಕನಿಯಲ್ಲಿ ಟವೆಲ್ ಒಣಹಾಕುವವರ ಜಾತಿ ಒಂದಿದೆ. ಇವರು ಆ ಪೈಕಿಯಲ್ಲ. ತುಳಿಯುತ್ತಾರೆ, ಚೆನ್ನಾಗಿಯೇ ತುಳಿಯುತ್ತಾರೆ. ತೊಂದರೆ ಏನೆಂದರೆ, ತುಳಿಯುವಾಗ ಅವರ ಒಂದು ಕಣ್ಣು ರಸ್ತೆಯ ಮೇಲಿದ್ದರೆ ಇನ್ನೊಂದು ಪಕ್ಕದವನ ಸೀಟಿನ ಮೇಲಿರುತ್ತದೆ. ‘ರೀ, ಸ್ವಲ್ಪ ನಿಂತ್ಕೊಳ್ಳಿ’ ಅಂದರೆಂದರೆ ಮುಗಿಯಿತು. ಬೆನ್ನಿನ ಜೇಬಿನಿಂದ ಎಲ್ ಆಕಾರದ ಕೀಲಿಗಳ ಗೊಂಚಲು ಹೊರಬರುತ್ತದೆ. ಹೆಸರಘಟ್ಟದ ಕೆರೆಯ ತನಕ ಹೋಗಿಬರಲು ಉಳಿದವರಿಗೆ ಎರಡು ಗಂಟೆ ಸಾಕು. ಪೆಡಲಪ್ಪನವರ ಜೊತೆ ಹೊರಟವರು ಮನೆಯಲ್ಲಿ ‘ಮಧ್ಯಾಹ್ನದ ಊಟಕ್ಕೆ ಬಂದರೂ ಬಂದೆ’ ಎಂದು ಹೇಳಿ ಬರುತ್ತಾರೆ.

ಬೆಳಗಿನ ಐದೂವರೆಗೆ ಗೇಟಿನ ಬಳಿ ಅವರನ್ನು ನೋಡಬೇಕು. ಮುಂದೊಂದು ಬಿಳಿ ದೀಪ, ಹಿಂದೊಂದು ಕೆಂಪು ದೀಪ, ಹೆಲ್ಮೆಟ್ಟಿನ ಬೆನ್ನಿಗೆ ಮಿಣುಕುವ ಮತ್ತೊಂದು, ಕಣಕಾಲಿಗೆ ಹೊಳೆಯುವ ಪಟ್ಟಿ, ಮೈಮೇಲೆ ಗಿಳಿಹಸಿರು ಬನಿಯನ್ನು. ಹೊರಟರೆ ಜಂಬೂಸವಾರಿಯೇ. ಒಂದು ಸಲ ಯಾರೋ ನಕ್ಕಾಗ ಅವರು ಕೊಟ್ಟ ಉತ್ತರ ಮಾತ್ರ ನೂರಕ್ಕೆ ನೂರು ಸರಿ: ‘ಚೆನ್ನಾಗಿ ಕಾಣಲಿ ಅಂತ ಹಾಕಿಲ್ಲ ರೀ. ಕಾಣಲಿ ಅಂತ ಹಾಕಿದ್ದೀನಿ.’ ಹಿಂದಿನ ಕೆಂಪು ದೀಪವನ್ನು ಅವರು ಹಗಲಿನಲ್ಲೂ ಆರಿಸುವುದಿಲ್ಲ. ಮಣ್ಣಿನ ಲಾರಿ ಓಡಿಸುವವನು ರಾತ್ರಿಯೆಲ್ಲ ನಿದ್ದೆಗೆಟ್ಟಿರುತ್ತಾನೆ, ಬೂದು ಟೀಶರ್ಟು ತೊಟ್ಟ ಬಡಪಾಯಿ ಬೂದು ರಸ್ತೆಯಲ್ಲಿ ಅವನಿಗೆ ಕಾಣುವುದೇ ಇಲ್ಲ ಎಂಬುದು ಅವರ ವಾದ.

ಉಡುಪಿನ ವಿಷಯದಲ್ಲಿ ಅವರ ಜ್ಞಾನ ಅಪಾರ. ಸಂಕೋಚ ಸೊನ್ನೆ. ಲಿಫ್ಟಿನಲ್ಲಿ ಮೂರನೇ ಮಹಡಿಯ ಅಜ್ಜಿ, ಅವರ ಸೊಸೆ, ಹಾಲಿನ ಹುಡುಗ ಎಲ್ಲರೂ ಇರುವಾಗ, ಹೊಸದಾಗಿ ಸೈಕಲ್ ಕೊಂಡ ಆಡಿಟರ್ ರಾಯರಿಗೆ ಗಟ್ಟಿಯಾಗಿ ಹೇಳಿದರು: ‘ಪ್ಯಾಡ್ ಇರೋ ಚಡ್ಡಿ ತಗೊಂಡ್ರಲ್ಲ, ಒಳಗೆ ಏನೂ ಹಾಕ್ಬಾರ್ದು ಸಾರ್! ಏನೂ!’ ಅಜ್ಜಿ ಲಿಫ್ಟಿನ ಅಂಕಿಗಳನ್ನೇ ನೋಡುತ್ತ ನಿಂತರು. ಪೆಡಲಪ್ಪ ನಿಲ್ಲಿಸಲಿಲ್ಲ. ಒಳಗಿನ ಬಟ್ಟೆಯ ಹೊಲಿಗೆ ಎಲ್ಲಿ ಉಜ್ಜುತ್ತದೆ, ಉಜ್ಜಿದರೆ ಎಷ್ಟು ದಿನ ಕೂರಲಾಗದು ಎಂಬ ವಿವರ ನೆಲಮಹಡಿ ಬರುವ ತನಕ ಸಾಗಿತು. ಸೀಟಿಗೆ ಮೆತ್ತನೆಯ ಜೆಲ್ ಹೊದಿಕೆ ಹಾಕಿಸಿದ್ದ ರಾಯರಿಗೆ ಅದನ್ನೂ ಕಿತ್ತೆಸೆಯಲು ಹೇಳಿದರು. ಕೂರುವುದು ಎರಡು ಮೂಳೆಗಳ ಮೇಲೆ. ಸೀಟು ಆ ಮೂಳೆಗಳ ಅಗಲಕ್ಕೆ ಸರಿಹೊಂದಿದರೆ ಸಾಕು, ಅತಿ ಮೆತ್ತಗಿದ್ದರೆ ಮೂಳೆ ಹೂತುಹೋಗಿ ನಡುವಿನ ನರ ಒತ್ತಿ ಜೋಮು ಹಿಡಿಯುತ್ತದೆ. ಇದೂ ಸರಿಯೇ. ಲಿಫ್ಟಿನಲ್ಲಿ ಹೇಳಬೇಕಿರಲಿಲ್ಲ ಅಷ್ಟೆ.

ಅವರ ಪಾಂಡಿತ್ಯ ಪೂರ್ಣವಾಗಿ ಅರಳುವುದು ಅಳತೆಯಲ್ಲಿ. ರಾಯರಿಗೆ ಮಂಡಿನೋವು ಶುರುವಾಗಿತ್ತು. ಸೈಕಲ್ಲನ್ನು ತಮ್ಮನ ಮಗನಿಗೆ ಕೊಟ್ಟುಬಿಡುವ ಯೋಚನೆಯಲ್ಲಿದ್ದರು. ಪೆಡಲಪ್ಪ ಕೇಳಿದ ಮೊದಲ ಪ್ರಶ್ನೆ, ‘ನೋವು ಮಂಡಿ ಮುಂದೋ, ಹಿಂದೋ?’ ಮುಂದೆ ಎಂದರು ರಾಯರು. ‘ಹಾಗಾದ್ರೆ ಸೀಟು ತಗ್ಗು. ಹಿಂದೆ ಅಂದಿದ್ರೆ ಎತ್ತರ ಅಂತಿದ್ದೆ. ನಡೀರಿ ಕೆಳಗೆ.’

ವಾಹನ ನಿಲ್ಲಿಸುವ ನೆಲಮಾಳಿಗೆಯಲ್ಲಿ ರಾಯರನ್ನು ಬರಿಗಾಲಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಲಾಯಿತು. ತೊಡೆಗಳ ನಡುವೆ ಒಂದು ದಪ್ಪ ಪುಸ್ತಕ ಇಟ್ಟು, ಮೇಲಕ್ಕೆ ಒತ್ತಿ ಹಿಡಿದು, ಅಲ್ಲಿಂದ ನೆಲದ ತನಕ ಅಳೆಯಬೇಕು. ಪುಸ್ತಕ ತರಲು ಹೇಳಿದ್ದೇ ತಡ, ರಾಯರ ತಾಯಿ ಮೆಟ್ಟಿಲ ಮೇಲಿಂದಲೇ ಕೂಗಿದರು: ‘ಸರಸ್ವತಿ ಕಣೋ ಅದು! ಎಲ್ಲಿಡ್ತಿದ್ದೀರೋ?’ ಕೊನೆಗೆ ಮೇಲೆ ಕಟ್ಟಡ ಕೆಲಸ ಮಾಡುತ್ತಿದ್ದ ಗಾರೆಯವನಿಂದ ರಸಮಟ್ಟ ಇಸಿದುಕೊಂಡರು. ಪುಸ್ತಕಕ್ಕಿಂತ ಅದೇ ವಾಸಿ, ಗುಳ್ಳೆ ನಡುವಿಗೆ ಬಂದರೆ ಮಟ್ಟ ಸರಿಯಿದೆ ಎಂದೂ ಗೊತ್ತಾಗುತ್ತದೆ. ರಾಯರ ಒಳಗಾಲು 78 ಸೆಂಟಿಮೀಟರ್. ಅದನ್ನು 0.883ರಿಂದ ಗುಣಿಸಿದರೆ ಸುಮಾರು 69. ಕ್ರ್ಯಾಂಕ್ ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟಿರಬೇಕು. ಟೂರ್ ಡಿ ಫ್ರಾನ್ಸ್ ಪಂದ್ಯವನ್ನು ಮೂರು ಸಲ ಗೆದ್ದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಬಳಕೆಗೆ ಬಂದ ಲೆಕ್ಕ ಇದು. ದಶಾಂಶದ ಮುಂದೆ ಮೂರು ಅಂಕಿ ಕಂಡ ಕೂಡಲೇ ಆಡಿಟರಿಗೆ ನಂಬಿಕೆ ಬಂತು.

ಆಮೇಲೆ ಪೆಡಲಪ್ಪ ಅದೇ ಫಲವನ್ನು ಲೆಕ್ಕವೇ ಇಲ್ಲದೆ ತೋರಿಸಿದರು. ಸೀಟಿನ ಮೇಲೆ ಕೂತು, ಪೆಡಲನ್ನು ಪೂರ್ತಿ ಕೆಳಗೆ ತಂದು, ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಸೊಂಟ ಆಚೀಚೆ ವಾಲಬಾರದು. ಇನ್ನು ಹಿಮ್ಮಡಿ ತೆಗೆದು ಬೆರಳುಗಳ ಬುಡವನ್ನು ಪೆಡಲಿಗೆ ಕೊಟ್ಟರೆ ಮಂಡಿ ತಾನಾಗಿಯೇ 25-30 ಡಿಗ್ರಿ ಬಾಗುತ್ತದೆ. ರಾಯರ ಸೀಟು ನಾಲ್ಕು ಬೆರಳಷ್ಟು ಮೇಲೇರಿತು. ರಾಯರು ಗಾಬರಿಯಾದರು. ‘ಕಾಲು ನೆಲಕ್ಕೆ ಸಿಗಲ್ವಲ್ಲ ಸಾರ್?’

‘ಸಿಗಬಾರದು! ಸೀಟಿನ ಮೇಲೆ ಕೂತುಕೊಂಡೇ ನಿಲ್ಲೋಕೆ ಇದೇನು ಸ್ಟೂಲಾ? ನಿಲ್ಲುವಾಗ ಸೀಟು ಬಿಟ್ಟು ಮುಂದಕ್ಕೆ ಇಳೀಬೇಕು.’

ನಮ್ಮ ಪೀಳಿಗೆಯ ಅರ್ಧ ಮಂಡಿನೋವಿಗೆ ಈ ಒಂದು ಹಟವೇ ಕಾರಣ: ಎರಡು ಕಾಲೂ ನೆಲ ಮುಟ್ಟಬೇಕು. ಅಪ್ಪನ 22 ಅಂಗುಲದ ಅಟ್ಲಾಸಿಗೆ ಒಳಪೆಡಲು ಹೊಡೆದು ಕಲಿತವರು ನಾವು. ಆಗ ನೆಲವೂ ಸಿಗುತ್ತಿರಲಿಲ್ಲ, ಸೀಟೂ ಸಿಗುತ್ತಿರಲಿಲ್ಲ. ದೊಡ್ಡವರಾದ ಮೇಲೆ ನೆಲದ ಋಣ ತೀರಿಸುತ್ತಿದ್ದೇವೆ. (ಅಟ್ಲಾಸ್ ಹೆಸರೆತ್ತಿದರೆ ಪೆಡಲಪ್ಪನವರ ಗಂಟಲು ಕಟ್ಟುತ್ತದೆ. ಆ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಬಾಗಿಲು ಹಾಕಿದ್ದು 2020ರ ಜೂನ್ 3, ವಿಶ್ವ ಸೈಕಲ್ ದಿನದಂದೇ.) ರಾಯರ ಮಂಡಿನೋವು ಕೆಲವು ವಾರಗಳಲ್ಲಿ ಇಳಿಯಿತು. ಖರ್ಚು: ಗಾರೆಯವನಿಗೆ ಒಂದು ಚಹಾ.

ಗೆಲುವಿನ ಅಮಲು ಕೆಟ್ಟದ್ದು. ಮಾರನೆಯ ದಿನವೇ ಪೆಡಲಪ್ಪ ಎಳನೀರು ಮಾರುವವನನ್ನು ತಡೆದರು. ಹಳೆಯ ಹರ್ಕ್ಯುಲಿಸ್, ಎರಡೂ ಕಡೆ ಗೊನೆ ಗೊನೆ ಕಾಯಿ, ಸೀಟು ಪಾತಾಳದಲ್ಲಿ. ‘ಮಂಡಿ ಹೋಗತ್ತೆ ಕಣಪ್ಪಾ, ಸೀಟು ಮೇಲೆ ಮಾಡಿಸು’ ಅಂದರು. ಅವನು ಇವರನ್ನು ಮೇಲಿಂದ ಕೆಳಗೆ ನೋಡಿ, ‘ಮೇಲೆ ಮಾಡಿದ್ರೆ ನಿಂತಾಗ ಕಾಲೂರೋಕೆ ಆಗಲ್ಲ ಸಾರ್. ಗಾಡಿ ವಾಲಿದ್ರೆ ಕಾಯೆಲ್ಲ ಚರಂಡಿಗೆ. ನೀವು ಬಂದು ಹಿಡ್ಕೋತೀರಾ?’ ಎಂದ. ಪೆಡಲಪ್ಪ ಎರಡು ಎಳನೀರು ಕುಡಿದು ಮನೆಗೆ ಬಂದರು. ಸೈಕಲ್ಲಿನ ಅಳತೆ ಮೈಗೆ ಮಾತ್ರವಲ್ಲ, ಹೊರೆಗೂ ಹೊಂದಬೇಕು ಎಂದು ಈಗ ತಮ್ಮದೇ ಶೋಧದಂತೆ ಹೇಳುತ್ತಾರೆ.

ಇಷ್ಟು ಹೇಳಿದ ಮೇಲೆ ಅವರ ಸಲಹೆಗಳ ಬಗ್ಗೆ ಬಡಾವಣೆ ಕಂಡುಕೊಂಡ ಸೂತ್ರವನ್ನೂ ಹೇಳಬೇಕು. ಬಿಟ್ಟಿ ಸಲಹೆ ಅಪರಂಜಿ. ಬಿಲ್ಲು ಬೆಳೆದಷ್ಟೂ ಸಲಹೆ ಬೆಳ್ಳಗಾಗುತ್ತದೆ. ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲಿರಬೇಕು, ಪಟ್ಟಿಗಳು ಕಿವಿಯ ಕೆಳಗೆ ಕೂಡಬೇಕು, ಗದ್ದದ ಕೆಳಗೆ ಎರಡೇ ಬೆರಳು ತೂರಬೇಕು: ಇದಕ್ಕೆ ಕಾಸು ಬೇಡ. ಟೈರಿನ ಪಕ್ಕೆಯಲ್ಲೇ ಕನಿಷ್ಠ ಎಷ್ಟು ಗಾಳಿ, ಗರಿಷ್ಠ ಎಷ್ಟು ಎಂದು ಬರೆದಿರುತ್ತದೆ. ಕಲ್ಲಿನಂತೆ ಗಟ್ಟಿ ಮಾಡದೆ ನಮ್ಮ ರಸ್ತೆಗೆ ಒಂದಿಷ್ಟು ಕಡಿಮೆಯೇ ಇಡಿ ಅನ್ನುತ್ತಾರೆ: ಇದಕ್ಕೂ ಬೇಡ. ಇನ್ನೊಂದು ಸಲಹೆಗೆ ಚಿಲ್ಲರೆ ಕಾಸು ಸಾಕು. ಸಪೂರ ಟೈರಿನ ಸೈಕಲ್ಲುಗಳಿಗೆ ಬರುವುದು ತೆಳ್ಳನೆಯ ಫ್ರೆಂಚ್ ವಾಲ್ವು. ದೊಡ್ಡಬಳ್ಳಾಪುರ ರಸ್ತೆಯ ಯಾವ ಪಂಕ್ಚರ್ ಅಂಗಡಿಗೆ ಹೋದರೂ ‘ಇದಕ್ಕೆ ನಮ್ಮ ಪಂಪು ಕೂರಲ್ಲ ಸಾರ್’ ಎಂಬ ಉತ್ತರ. ಅದರ ತಲೆಗೆ ತಿರುಗಿಸುವ ಹಿತ್ತಾಳೆಯ ಪುಟ್ಟ ಟೊಪ್ಪಿ ಒಂದಿದ್ದರೆ ಸ್ಕೂಟರಿಗೆ ಗಾಳಿ ಹೊಡೆಯುವ ಪಂಪೂ ಆದೀತು. ಪೆಡಲಪ್ಪನವರ ಮನೆಯ ಬೀಗದ ಕೈಗೊಂಚಲಿನಲ್ಲಿ ಅಂಥದ್ದು ಮೂರಿವೆ, ಕಂಡಕಂಡವರಿಗೆ ದಾನ ಮಾಡುತ್ತಾರೆ.

ಆದರೆ ಅವರ ಬಾಯಲ್ಲಿ ಕಾರ್ಬನ್ ಎಂಬ ಮಾತು ಬಂತೋ, ಜೇಬು ಭದ್ರ. ನೀರಿನ ಬಾಟಲಿ ಸಿಕ್ಕಿಸುವ ಅಲ್ಯೂಮಿನಿಯಂ ಕೊಂಡಿಯನ್ನು ತೆಗೆದು ಕಾರ್ಬನ್ ಕೊಂಡಿ ಹಾಕಿಸಿದರು. ಉಳಿದ ಭಾರ 30 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ಎರಡನ್ನೂ ತೂಗಿ ಹೆಂಡತಿಗೆ ತೋರಿಸಿದರಂತೆ. ಆ ತಾಯಿ ತಣ್ಣಗೆ, ‘ಒಂದು ಉದ್ದಿನವಡೆ ಎಷ್ಟು ಗ್ರಾಂ ಇರತ್ತೆ ಗೊತ್ತೇನ್ರೀ? ತೂಗಲಾ?’ ಅಂದರು. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಸೈಕಲ್ 6.8 ಕಿಲೋಗಿಂತ ಹಗುರ ಇರಕೂಡದೆಂಬ ನಿಯಮವಿದೆ, ತಮ್ಮದು ಅದಕ್ಕೆ ತೀರ ಹತ್ತಿರ ಎಂಬುದು ಪೆಡಲಪ್ಪನವರ ಹೆಮ್ಮೆ. ಸವಾರನ ತೂಕದ ಮೇಲೆ ಯಾವ ನಿಯಮವೂ ಇಲ್ಲದಿರುವುದು ಅವರ ಪುಣ್ಯ. ಸವಾರಿ ಮುಗಿದ ಮೇಲೆ ದರ್ಶಿನಿಯ ಮುಂದೆ ಅವರು ಹೇಳುವ ‘ಎರಡು ಇಡ್ಲಿ, ಒಂದು ವಡೆ, ಆಮೇಲೆ ಮಸಾಲೆ’ ಎಂಬ ಪಟ್ಟಿಯಲ್ಲಿ ಗ್ರಾಮಿನ ಲೆಕ್ಕ ಕೇಳಿಬರುವುದಿಲ್ಲ.

ರಾಯರ ಮನೆಗೊಮ್ಮೆ ವಿಜಯಪುರದಿಂದ ನೆಂಟರ ಹುಡುಗ ಬಂದಿದ್ದ. ರಾಜ್ಯಕ್ಕೆ ಸೈಕ್ಲಿಂಗ್ ಪದಕ ತರುವವರಲ್ಲಿ ಬಹುಪಾಲು ವಿಜಯಪುರ, ಬಾಗಲಕೋಟೆ ಸೀಮೆಯವರು. ಇವನೂ ಅಲ್ಲಿ ಕ್ರೀಡಾ ವಸತಿನಿಲಯದಲ್ಲಿದ್ದವನು. ಪೆಡಲಪ್ಪ ಅರ್ಧ ಗಂಟೆ ಅವನಿಗೆ ಪೆಡಲ್ ಸುತ್ತಿಸುವ ಶಾಸ್ತ್ರ ಹೇಳಿದರು: ಭಾರದ ಗಿಯರಿನಲ್ಲಿ ಹೆಣಗಬಾರದು, ನಿಮಿಷಕ್ಕೆ 80-90 ಸುತ್ತು ಬರುವಂತೆ ಹಗುರ ಗಿಯರಿನಲ್ಲಿ ತುಳಿದರೆ ಮಂಡಿ ಉಳಿಯುತ್ತದೆ, ಇತ್ಯಾದಿ. ಹುಡುಗ ವಿನಯದಿಂದ ಕೇಳಿಸಿಕೊಂಡ. ‘ನೀನು ಏನು ಪದ್ಧತಿ ಅನುಸರಿಸ್ತೀಯಪ್ಪ?’ ಅಂದಾಗ, ‘ಮುಂಜಾನೆ ಎದ್ದ ತುಳೀತೇನ್ರಿ ಸರ. ಸಂಜೀಗೆ ಮತ್ತ ತುಳೀತೇನ್ರಿ’ ಎಂದ. ಮರುದಿನ ರಾಯರ ಸಾಧಾರಣ ಹೈಬ್ರಿಡ್ ಸೈಕಲ್ಲಿನಲ್ಲೇ ಇವರನ್ನು ಹಿಂದೆ ಹಾಕಿ ಹೋದ ಎಂಬ ಸುದ್ದಿಯಿದೆ. ಪೆಡಲಪ್ಪ ಅದನ್ನು ಒಪ್ಪುವುದಿಲ್ಲ, ಎದುರುಗಾಳಿ ಇತ್ತು ಅನ್ನುತ್ತಾರೆ.

ದಾರಿಯ ವಿಷಯಕ್ಕೆ ಬಂದರೆ ತಮಾಷೆ ಸಾಕು; ಅಲ್ಲಿ ಅವರು ಹೇಳಿದ್ದನ್ನು ಕೇಳಬೇಕು. ಯಾವ ದಾರಿ ಎಂಬುದಕ್ಕಿಂತ ಎಷ್ಟು ಹೊತ್ತಿಗೆ ಎಂಬುದು ಮುಖ್ಯ ಅನ್ನುತ್ತಾರೆ. ಅದೇ ರಸ್ತೆ ಆರು ಗಂಟೆಗೆ ನಿಮ್ಮದು, ಒಂಬತ್ತಕ್ಕೆ ಟಿಪ್ಪರಿನದು. ವಿಮಾನ ನಿಲ್ದಾಣದ ರಸ್ತೆಯ ಮೋಹ ಬಿಟ್ಟು ರಾಜಾನುಕುಂಟೆಯ ಕಡೆಯ ಸಣ್ಣ ದಾರಿಗಳಲ್ಲಿ ಹೋಗಿ ಅನ್ನುತ್ತಾರೆ. ಮೈಸೂರಿಗೆ ತುಳಿಯುವ ಆಸೆಯಿಂದ ಎಕ್ಸ್‌ಪ್ರೆಸ್‌ವೇ ಹತ್ತಲು ಹೊರಟಿದ್ದ ಇಬ್ಬರು ಹುಡುಗರನ್ನು ಗೇಟಿನಲ್ಲೇ ತಡೆದವರು ಇವರು. 2023ರ ಆಗಸ್ಟ್ 1ರಿಂದ ಅದರ ಮುಖ್ಯಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಜೊತೆಗೆ ಸೈಕಲ್ಲಿಗೂ ಪ್ರವೇಶವಿಲ್ಲ. ಕನಕಪುರ, ಮಳವಳ್ಳಿ, ಬನ್ನೂರು ಹಿಡಿದು ಹೋಗಿ ಎಂದು ಕಳಿಸಿದರು. ನಿಂತ ಕಾರಿನ ಪಕ್ಕ ಹೋಗುವಾಗ ಬಾಗಿಲು ತೆರೆಯುವಷ್ಟು ಜಾಗ ಬಿಡಬೇಕು. ಸಿಗ್ನಲ್ಲಿನಲ್ಲಿ ಲಾರಿಯ ಎಡಕ್ಕೆ ನುಗ್ಗಬಾರದು, ಚಾಲಕನಿಗೆ ಆ ಮೂಲೆ ಕಾಣುವುದೇ ಇಲ್ಲ. ರೈಲ್ವೆ ಗೇಟಿನ ಕಂಬಿಯನ್ನು ಓರೆಯಾಗಿ ದಾಟಬಾರದು, ನೇರವಾಗಿ ದಾಟಬೇಕು. ನಾಯಿ ಅಟ್ಟಿದರೆ ಇಳಿದು, ನಿಮಗೂ ಅದಕ್ಕೂ ನಡುವೆ ಸೈಕಲ್ ಇಟ್ಟು ನಡೆಯಿರಿ. ಓಡುವವನಿಲ್ಲದಿದ್ದರೆ ಅಟ್ಟುವ ಉತ್ಸಾಹ ಅದಕ್ಕೂ ಇಳಿಯುತ್ತದೆ.

ಸುಗ್ಗಿಯ ಕಾಲಕ್ಕೆ ಅವರದು ಒಂದು ವಿಶೇಷ ಎಚ್ಚರಿಕೆ. ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆಯ ರೈತರು ರಾಗಿ, ಹುರುಳಿಯನ್ನು ರಸ್ತೆಯ ಮೇಲೆಯೇ ಹರವಿ ವಾಹನಗಳ ಕೈಲಿ ಒಕ್ಕಣೆ ಮಾಡಿಸುತ್ತಾರೆ. ಕಾರಿಗೆ ಅದು ಏನೂ ಅಲ್ಲ. ಸೈಕಲ್ಲಿಗೆ ಒಣ ಹುಲ್ಲು ಚೈನಿಗೆ ಸುತ್ತಿಕೊಳ್ಳುತ್ತದೆ, ಹುರುಳಿಕಾಳು ಚಕ್ರದ ಕೆಳಗೆ ಉರುಳುತ್ತದೆ. ಅಲ್ಲಿ ಬ್ರೇಕು ಹಿಡಿಯಬಾರದು, ಹ್ಯಾಂಡಲ್ ತಿರುಗಿಸಬಾರದು, ಸುಮ್ಮನೆ ನೇರ ಹೋಗಬೇಕು, ಇಲ್ಲವೇ ಇಳಿದು ತಳ್ಳಬೇಕು. ಹಾಗೆ ಇಳಿದು ತಳ್ಳುತ್ತ ಪೆಡಲಪ್ಪ ಅಲ್ಲಿದ್ದ ಅಜ್ಜಿಗೆ ಕಣ ಎಲ್ಲಿ ಮಾಡಬೇಕೆಂದು ಸಲಹೆ ಕೊಟ್ಟರಂತೆ. ಅಜ್ಜಿ ಮೊರ ಅವರ ಕೈಗೆ ಕೊಟ್ಟಳಂತೆ.

ಹೊಸಬರು ಮೊದಲ ತಿಂಗಳಲ್ಲೇ ನಂದಿಬೆಟ್ಟಕ್ಕೆ ಹೋಗಕೂಡದು ಎಂಬುದೂ ಪೆಡಲಪ್ಪನವರ ಕಟ್ಟಪ್ಪಣೆ. ಆದರೂ ನಮ್ಮ ಗುಂಪು ಭಾನುವಾರ ಬಂದರೆ ನಂದಿಗೇ ಹಟ ಹಿಡಿಯುತ್ತದೆ. ಬೆಟ್ಟದ ಎತ್ತರ 1,478 ಮೀಟರ್, ಬುಡದಿಂದ ತುದಿಗೆ ಎಂಟು ಕಿಲೋಮೀಟರಿನ ಹತ್ತಿರ ಏರು, 40 ತಿರುವು. ಸೂರ್ಯೋದಯಕ್ಕಾಗಿ ಹೋಗುತ್ತೇವೆ ಎಂದು ಅವರು ನಂಬಿದ್ದರು. ನಿಜವೆಂದರೆ, ಮೂರನೇ ತಿರುವು ದಾಟಿದ ಮೇಲೆ ಪೆಡಲಪ್ಪನವರಿಗೆ ಮಾತಾಡುವಷ್ಟು ಉಸಿರು ಉಳಿಯುವುದಿಲ್ಲ. ಅಲ್ಲಿಂದ ತುದಿಯ ತನಕ ಹಕ್ಕಿಗಳ ಕೂಗು ಕೇಳಿಸುತ್ತದೆ. ತುದಿಯಲ್ಲಿ ಕಾಫಿ ಕುಡಿದು ಸುಧಾರಿಸಿಕೊಂಡ ಕೂಡಲೇ ಇಳಿಜಾರಿನ ಪಾಠ ಶುರು: ‘ಉದ್ದಕ್ಕೂ ಬ್ರೇಕು ಒತ್ತಿಕೊಂಡೇ ಇರಬೇಡಿ, ರಿಮ್ಮು ಕಾಯತ್ತೆ. ತಿರುವಿಗೆ ಮುಂಚೆ ಹಿಡೀರಿ, ತಿರುವಿನಲ್ಲಿ ಬಿಡಿ.’ ಇಳಿಯುವ ಭಯಕ್ಕೆ ಎಲ್ಲರೂ ಶ್ರದ್ಧೆಯಿಂದ ಕೇಳುತ್ತೇವೆ.

ಈ ವ್ಯವಸ್ಥೆಗೆ ಈಗ ಕುತ್ತು ಬಂದಿದೆ. ಹೋದ ವಾರ ಪೆಡಲಪ್ಪ ಹಿಂದಿನ ಹಲ್ಲುಚಕ್ರ ಬದಲಿಸಿದರು. ದೊಡ್ಡದಕ್ಕೆ 28 ಹಲ್ಲಿದ್ದದ್ದು 34 ಆಯಿತು. ಮುಂದಿನ ಚಿಕ್ಕದೂ 34. ಪೆಡಲ್ ಒಂದು ಸುತ್ತು, ಚಕ್ರ ಒಂದೇ ಸುತ್ತು. ಎಂಥ ಏರಿನಲ್ಲೂ ಕಾಲು ಹಗುರ. ಕಾರ್ಬನ್ ಕೊಂಡಿಗಿಂತ ಕಡಿಮೆ ದುಡ್ಡಾಯಿತಂತೆ. ಅವರು ಕೊಂಡದ್ದರಲ್ಲಿ ಇಷ್ಟು ಚೆನ್ನಾಗಿ ಕೆಲಸ ಮಾಡಿದ ವಸ್ತು ಇನ್ನೊಂದಿಲ್ಲ. ಈ ಭಾನುವಾರ ಹದಿನಾರನೇ ತಿರುವಿನಲ್ಲಿ ನಮ್ಮೆಲ್ಲರ ನಾಲಗೆ ಹೊರಬಿದ್ದಿದ್ದಾಗ ಅವರು ಪಕ್ಕಕ್ಕೆ ಬಂದು, ಒಂದಿಷ್ಟೂ ಏದುಸಿರಿಲ್ಲದೆ, ‘ರಾಯರೇ, ನಿಮ್ಮ ಹ್ಯಾಂಡಲ್ಲು ಒಂದು ಸೆಂಟಿಮೀಟರ್ ಹತ್ತಿರ ಬರಬೇಕು’ ಎಂದು ಶುರುಮಾಡಿದರು. ಮುಂದಿನ ವಾರಕ್ಕೆ ನಂದಿಗಿಂತ ಕಡಿದಾದ ಬೆಟ್ಟ ಸುತ್ತಮುತ್ತ ಯಾವುದಿದೆ ಎಂದು ರಾಯರು ನಕ್ಷೆ ಹರಡಿಕೊಂಡು ಕೂತಿದ್ದಾರೆ.